ಎಂಟನೇ ವೈರು

ನಾನು ಒಂದು ಟಿವಿ ಕೇಬಲ್. ಉದ್ದ ಹದಿನಾರು ಮೀಟರ್, ದಪ್ಪ ಮಗುವಿನ ಕಿರುಬೆರಳಿನಷ್ಟು, ಬಣ್ಣ ಕಪ್ಪು. ಇಂಥ ಕಪ್ಪು ಕೇಬಲ್‌ಗಳು ಊರ ತುಂಬ ಇವೆ. ಅವುಗಳಿಂದ ನನ್ನನ್ನು ಬೇರೆ ಮಾಡಿ ತೋರಿಸುವ ಗುರುತು ಒಂದೂ ಇರಲಿಲ್ಲ. ಇದ್ದಿದ್ದರೆ ಒಬ್ಬ ಮನುಷ್ಯನ ಮಾನ ಓಣಿಯ ನಳದ ಮುಂದೆ ಹೋಗುತ್ತಿರಲಿಲ್ಲ.

ಹುಟ್ಟಿದ್ದು ಕಾರ್ಖಾನೆಯಲ್ಲಿ. ಮೊದಲು ತಾಮ್ರದ ಒಂದು ಎಳೆ. ಅದರ ಸುತ್ತ ಗಟ್ಟಿಯಾದ ಬಿಳಿ ನೊರೆ. ನೊರೆಯ ಮೇಲೆ ಬೆಳ್ಳಿಬಣ್ಣದ ತೆಳು ಹಾಳೆ, ಹಾಳೆಯ ಮೇಲೆ ಕೂದಲಿನಂಥ ತಂತಿಗಳ ಜಡೆ, ಎಲ್ಲಕ್ಕೂ ಮೇಲೆ ಕಪ್ಪು ಚರ್ಮ. ಹೊರಗಿನ ಗದ್ದಲ ಒಳಗೆ ಬರಬಾರದು, ಒಳಗಿನದು ಹೊರಗೆ ಸೋರಬಾರದು ಎಂದು ಇಷ್ಟೊಂದು ಅಂಗಿ ತೊಡಿಸಿದ್ದರು. ಅಂದರೆ ಗುಟ್ಟು ಇಟ್ಟುಕೊಳ್ಳುವುದಕ್ಕೆಂದೇ ನನ್ನನ್ನು ಮಾಡಿದ್ದು. ಮೈಮೇಲೆ ಬಿಳಿ ಅಕ್ಷರದಲ್ಲಿ ಏನೋ ಒಂದಷ್ಟು ಅಚ್ಚು ಹಾಕಿದ್ದರು. ಎರಡು ಬೇಸಿಗೆಯಲ್ಲಿ ಅದು ಅಳಿಸಿಹೋಯಿತು.

ಬೆಟಗೇರಿಯ ಕೇಬಲ್ ಆಫೀಸಿಗೆ ನಾನು ಬಂದಾಗ ಮುನ್ನೂರು ಮೀಟರಿನ ದೊಡ್ಡ ಸುರುಳಿಯ ಭಾಗವಾಗಿದ್ದೆ. ಅಲ್ಲಿಯ ಲೈನ್‌ಮನ್ ಯಮನೂರ ನನ್ನನ್ನು ಒಂದು ಮಧ್ಯಾಹ್ನ ಕತ್ತರಿಸಿದ. ಕತ್ತರಿಸಿದ್ದು ಆಫೀಸಿನ ಕೆಲಸಕ್ಕಲ್ಲ.

ಗಾಣಿಗೇರ ಓಣಿಯಲ್ಲಿ ಎರಡು ಮನೆಗಳು, ನಡುವೆ ಒಂದೇ ಗೋಡೆ. ಒಂದು ಮನೆ ಅಂದಾನೆಪ್ಪ ಸಾಹುಕಾರನದು. ಸೀಮೆಎಣ್ಣೆ ಏಜೆನ್ಸಿ ಇತ್ತು, ಜೀಪಿತ್ತು, ಓಣಿಯಲ್ಲೇ ದೊಡ್ಡ ಟಿವಿ ಇತ್ತು. ಇನ್ನೊಂದು ಮನೆ ಬಸ್ ಕಂಡಕ್ಟರ್ ಫಕೀರಪ್ಪ ಹಡಗಲಿಯದು. ಅವನ ಬಳಿ ಇದ್ದದ್ದು ಹೆಂಡತಿ ನೀಲವ್ವ, ಒಂದು ಸಣ್ಣ ಟಿವಿ, ತಿಂಗಳು ತಪ್ಪದೆ ಬಾಡಿಗೆ ಕಟ್ಟುವ ಕೇಬಲ್ ಸಂಪರ್ಕ ಮತ್ತು ಒಂದು ಮಾತು. ಆ ಮಾತನ್ನು ಅವನು ಯಾರು ಕೇಳಲಿ ಬಿಡಲಿ ಹೇಳುತ್ತಿದ್ದ: “ಇಷ್ಟ ವರ್ಷದ ಸರ್ವಿಸ್, ಒಂದೂ ಕೇಸ್ ಇಲ್ಲ.” ಬಸ್ಸು ನಿಲ್ಲಿಸಿ ತಪಾಸಣೆ ಮಾಡುವವರು ಟಿಕೆಟ್ ಇಲ್ಲದ ಒಬ್ಬ ಪ್ರಯಾಣಿಕ ಸಿಕ್ಕರೂ ಕಂಡಕ್ಟರನ ಮೇಲೆ ಕೇಸ್ ಬರೆಯುತ್ತಾರೆ. ಫಕೀರಪ್ಪನ ಮೇಲೆ ಯಾರೂ ಬರೆದಿರಲಿಲ್ಲ.

ಅವನು ಸೊಲ್ಲಾಪುರದ ರೂಟಿಗೆ ಹೋಗಿದ್ದ, ನೀಲವ್ವ ತವರಿಗೆ ಹೋಗಿದ್ದಳು. ಅಂಥ ದಿನ ಅಂದಾನೆಪ್ಪ ಯಮನೂರನನ್ನು ಮಾಳಿಗೆಗೆ ಕರೆದ.

“ಕಂಡಕ್ಟ್ರ ಕೇಬಲ್ಲಿಂದ ಇಲ್ಲಿಗೆ ಎಷ್ಟ ದೂರ ಐತೋ? ನಾಕ ಮಾರಿಲ್ಲ.”

“ಸಾಹುಕಾರ್ರ, ಒಂದ ಕನೆಕ್ಷನ್ ಬರಸಿಬಿಡ್ರಿ. ಆಫೀಸಿನ್ಯಾಗ ಗೊತ್ತಾದ್ರ ನನ್ನ ಕೆಲಸ ಹೋಕ್ಕೈತಿ.”

“ಹೆಂಗ ಗೊತ್ತಾಕ್ಕೈತಿ? ನೀ ಹೇಳ್ತೀಯೇನ? ನಾ ಹೇಳ್ತೇನೇನ?”

ಯಮನೂರ ತಲೆ ಕೆರೆದುಕೊಂಡ.

“ನಿಮ್ಮ ಮನ್ಯಾಗ ಸ್ಟೋ ಹಚ್ಚಾಕ ಎಣ್ಣಿ ಐತೋ ಇಲ್ಲೋ?” ಎಂದ ಅಂದಾನೆಪ್ಪ.

ಐದು ಲೀಟರಿನ ಒಂದು ಡಬ್ಬಿ ಸೀಮೆಎಣ್ಣೆಗೆ ಕೆಲಸ ಮುಗಿಯಿತು. ಫಕೀರಪ್ಪನ ಮಾಳಿಗೆಯ ಮೇಲೆ ನೀರಿನ ಟಾಕಿ ಇತ್ತು, ಟಾಕಿಯ ಕೆಳಗೆ ಇಟ್ಟಂಗಿಯ ಕಟ್ಟೆ. ಕಂಬದಿಂದ ಬಂದ ಅವನ ಕೇಬಲ್ಲನ್ನು ಯಮನೂರ ಅಲ್ಲಿ ಕತ್ತರಿಸಿ, ನಡುವೆ ಬೆಂಕಿಪೆಟ್ಟಿಗೆಯಷ್ಟು ತಗಡಿನ ಪೆಟ್ಟಿಗೆ ಸೇರಿಸಿದ. ಅದಕ್ಕೆ ಮೂರು ಬಾಯಿ. ಒಂದರಲ್ಲಿ ಚಿತ್ರ ಒಳಗೆ ಬರುತ್ತದೆ, ಎರಡರಲ್ಲಿ ಹೊರಗೆ ಹೋಗುತ್ತದೆ. ಆದರೆ ಆ ಪೆಟ್ಟಿಗೆ ಸಮಪಾಲು ಮಾಡುವಂಥದ್ದಲ್ಲ. ಒಂದು ಬಾಯಿಗೆ ಹೆಚ್ಚು ಕೊಡುತ್ತಿತ್ತು, ಇನ್ನೊಂದಕ್ಕೆ ಕಡಿಮೆ. ಹೆಚ್ಚಿನ ಬಾಯಿಗೆ ನನ್ನನ್ನು ತಿರುಗಿಸಿ ಬಿಗಿದರು. ಕಡಿಮೆಯದು ಫಕೀರಪ್ಪನ ಮನೆಗೆ ಇಳಿಯಿತು. ಪೆಟ್ಟಿಗೆಯ ಮೇಲೆ ಒಂದು ಚಪ್ಪಡಿ ಕಲ್ಲು ಸರಿಸಿದರು. ನನ್ನನ್ನು ನಡುಗೋಡೆ ದಾಟಿಸಿ, ಸಾಹುಕಾರನ ಗೋಡೆಯಲ್ಲಿ ತೋಡಿದ ಸಂದಿನಲ್ಲಿ ಮಲಗಿಸಿ, ಮೇಲೆ ಸಿಮೆಂಟು ಮೆತ್ತಿದರು.

ಹೀಗೆ ನನ್ನ ಒಂದು ತುದಿ ಕಂಡಕ್ಟರನ ಟಾಕಿಯ ಕೆಳಗೆ, ಇನ್ನೊಂದು ತುದಿ ಸಾಹುಕಾರನ ಪಡಸಾಲೆಯಲ್ಲಿ, ಬಾಗಿಲ ಪಕ್ಕದ ಕಿಟಕಿಯ ಹತ್ತಿರ. ಎರಡೂ ಮನೆಯ ಮಾತು ನನಗೆ ಕೇಳುತ್ತಿತ್ತು.

ಅಂದಾನೆಪ್ಪನಿಗೆ ದುಡ್ಡಿನ ಕೊರತೆ ಇರಲಿಲ್ಲ. ಕೊಡದೆ ಸಿಗುವುದಾದರೆ ಕೊಡುವವನು ದಡ್ಡ ಎಂದು ಅವನು ನಂಬಿದ್ದ, ಅಷ್ಟೆ.

ಫಕೀರಪ್ಪನ ಟಿವಿಯಲ್ಲಿ ಅಂದಿನಿಂದ ಜೋಳ ಹುರಿದಂತೆ ಚುಕ್ಕೆಗಳು ಹಾರತೊಡಗಿದವು. ಮನುಷ್ಯರ ಮುಖ ಕಾಣಿಸುತ್ತಿತ್ತು, ಕಣ್ಣು ಮೂಗು ಕಾಣಿಸುತ್ತಿರಲಿಲ್ಲ. ಅವನು ಟಿವಿಯನ್ನು ತಿರುಗಿಸಿ ಇಟ್ಟ, ನೆತ್ತಿಯ ಮೇಲೆ ತಟ್ಟಿದ. ದೂರು ಕೊಟ್ಟ. ಬಂದವನು ಯಮನೂರನೇ. ಮಾಳಿಗೆ ಹತ್ತಿ, ಟಾಕಿಯ ನೆರಳಿನಲ್ಲಿ ಕುಳಿತು, ಒಂದು ಬೀಡಿ ಸೇದಿ ಇಳಿದ.

“ಲೈನ್ ಛಲೋ ಐತ್ರಿ ಕಂಡಕ್ಟ್ರ. ನಿಮ್ಮ ಟಿವಿ ಮುದುಕ ಆಗೇತಿ.”

ಫಕೀರಪ್ಪ ಹೊಸ ಟಿವಿ ತಂದ. ಹೊಸ ಟಿವಿಯಲ್ಲೂ ಜೋಳ ಹುರಿಯಿತು. ಆಗ ನೀಲವ್ವ ಹೇಳಿದಳು: “ಟಿವಿದೇನ ತಪ್ಪಿಲ್ಲ. ನಿಮ್ಮ ಕಣ್ಣ ಹ್ವಾದುವು.” ಅವನು ಹೆದರಿದ. ಕಣ್ಣು ಕೆಟ್ಟಿದೆ ಎಂದು ಡಿಪೋದಲ್ಲಿ ತಿಳಿದರೆ ಬಸ್ಸಿನಿಂದ ಇಳಿಸಿ ಎಲ್ಲೋ ಕೂರಿಸುತ್ತಾರೆ. ಯಾರಿಗೂ ಹೇಳದೆ ಹುಬ್ಬಳ್ಳಿಗೆ ಹೋಗಿ ಕನ್ನಡಕ ಮಾಡಿಸಿಕೊಂಡು ಬಂದ. ಹಾಕಿಕೊಂಡು ನೋಡಿದರೆ ಚುಕ್ಕೆಗಳು ಇನ್ನೂ ಸ್ವಚ್ಛ ಕಾಣಿಸಿದವು.

ಈ ಕಡೆ ಸಾಹುಕಾರನ ಪಡಸಾಲೆಯಲ್ಲಿ ಚಿತ್ರ ಕನ್ನಡಿಯಂತೆ ಬರುತ್ತಿತ್ತು. ದೊಡ್ಡ ಮ್ಯಾಚ್ ಇದ್ದ ದಿನ ಅವನು ಬಾಗಿಲು ತೆರೆದಿಡುತ್ತಿದ್ದ. ಅರ್ಧ ಓಣಿ ಬಂದು ಕೂರುತ್ತಿತ್ತು. ಮೂಲೆ ಅಂಗಡಿಯ ಸಂಗನಬಸು ಮಿರ್ಚಿ ಭಜಿ ಕರಿದು ತರುತ್ತಿದ್ದ. ಮಂಡಕ್ಕಿಯನ್ನು ಬುಟ್ಟಿಯಲ್ಲಿ ಸುರಿಯುತ್ತಿದ್ದರು. ಸಾಹುಕಾರ ದೊಡ್ಡ ಮನಸ್ಸಿನವನು ಎಂದು ಹೆಸರಾಯಿತು.

ಒಂದು ವಿಶ್ವಕಪ್ಪಿನ ಫೈನಲ್ ದಿನ ಫಕೀರಪ್ಪ ಡ್ಯೂಟಿ ಬದಲಿ ಮಾಡಿಕೊಂಡು ಮನೆಯಲ್ಲಿ ಉಳಿದಿದ್ದ. ಅವನ ಟಿವಿಯಲ್ಲಿ ಚೆಂಡು ಯಾವುದು, ಚುಕ್ಕೆ ಯಾವುದು ತಿಳಿಯಲಿಲ್ಲ. ಕಡೆಗೆ ಎದ್ದು ಪಕ್ಕದ ಮನೆಗೆ ಬಂದ. ಒಳಗೆ ಜಾಗ ಇತ್ತು. ಆದರೂ ಹೊಸ್ತಿಲ ಹತ್ತಿರ ಟವೆಲ್ ಹಾಸಿ ಕುಳಿತ.

“ಬಾರೋ ಫಕೀರಪ್ಪ, ಒಳಗ ಬಾ. ಆ ನಿನ್ನ ಡಬ್ಬಿ ತಿಪ್ಪ್ಯಾಗ ಒಗದು ಬಿಡು,” ಎಂದ ಅಂದಾನೆಪ್ಪ.

ಎಲ್ಲರೂ ನಕ್ಕರು. ಫಕೀರಪ್ಪನೂ ನಕ್ಕ.

“ನಿಮ್ಮದು ಎಷ್ಟ ಸ್ವಚ್ಛ ಬರತೈತ್ರಿ ಸಾಹುಕಾರ್ರ. ಕಣ್ಣು ತಂಪಾತು ನೋಡ್ರಿ.”

ಅಂದಾನೆಪ್ಪ ತನ್ನ ಕೈಯಾರೆ ಅವನಿಗೆ ಎರಡು ಭಜಿ ಕೊಟ್ಟ. ಆ ಹೊತ್ತಿನಲ್ಲಿ ಆ ಚಿತ್ರ ನನ್ನೊಳಗಿಂದಲೇ ಹಾಯ್ದು ಹೋಗುತ್ತಿತ್ತು. ಫಕೀರಪ್ಪನ ಮಾಳಿಗೆಯಿಂದ ಹೊರಟು, ಗೋಡೆ ದಾಟಿ, ಫಕೀರಪ್ಪನ ಕಣ್ಣೆದುರಿಗೇ ಬಂದು ಬೀಳುತ್ತಿತ್ತು. ಅವನು ಅದಕ್ಕೆ ಉಪಕಾರ ಸ್ಮರಣೆ ಮಾಡುತ್ತ ಭಜಿ ತಿನ್ನುತ್ತಿದ್ದ. ನನಗೆ ನಾಚಿಕೆ ಎಂದರೇನೆಂದು ಗೊತ್ತಾದದ್ದು ಆ ದಿನ. ಗೊತ್ತಾಗಿ ಏನಾಯಿತು? ನಾನು ಕೆಲಸ ನಿಲ್ಲಿಸಲಿಲ್ಲ. ಒಂದು ಸಲ ಇಲಿ ಬಂದು ನನ್ನ ಮೈ ಮೂಸಿ ಹೋಯಿತು. ಕಡಿಯಲಿ ಎಂದುಕೊಂಡೆ, ಕಡಿಯಲಿಲ್ಲ. ಅಷ್ಟೇ ನನ್ನ ಪ್ರತಿಭಟನೆ.

ಹತ್ತು ಹನ್ನೆರಡು ವರ್ಷ ಹೀಗೇ ನಡೆಯಿತು. ಆಮೇಲೆ ಮನೆಮನೆಗೆ ಸೆಟ್‌ಟಾಪ್ ಬಾಕ್ಸ್ ಬಂತು. ಬಾಕ್ಸ್ ಇಲ್ಲದೆ ಚಿತ್ರ ಇಲ್ಲ ಎಂದಾಯಿತು. ಒಂದು ಬೆಳಿಗ್ಗೆ ನನ್ನೊಳಗೆ ಏನೂ ಇರಲಿಲ್ಲ. ಅಂದಾನೆಪ್ಪ ಮಾಳಿಗೆಯ ಮೇಲೆ ಡಿಶ್ ಹಾಕಿಸಿದ. ಒಂದು ಕಂಪನಿ ಬಿಟ್ಟು ಇನ್ನೊಂದು, ಅದನ್ನು ಬಿಟ್ಟು ಮತ್ತೊಂದು. ಪ್ರತಿ ಸಲವೂ ಹೊಸ ವೈರು, ಹಳೆಯದು ಹಾಗೇ ಇರಲಿ. ಒಂದು ವೈರು ಕ್ಯಾಮೆರಾಕ್ಕೆಂದು ಬಂತು. ಕಿಟಕಿಯ ಪಕ್ಕದ ಪೆಟ್ಟಿಗೆಯಲ್ಲಿ ಎಂಟು ಕಪ್ಪು ತುದಿಗಳಾದವು. ಯಾರೂ ಯಾವುದಕ್ಕೂ ಒಂದು ಚೀಟಿ ಅಂಟಿಸಲಿಲ್ಲ. ಫಕೀರಪ್ಪನ ಟಿವಿಗೂ ಬಾಕ್ಸ್ ಬಂದು, ಹೊಸ ವೈರು ಬಾಗಿಲ ಕಡೆಯಿಂದ ಒಳಗೆ ಹೋಗಿ, ಚಿತ್ರ ಸ್ವಚ್ಛವಾಯಿತು. “ಕಾಲ ಸುಧಾರಿಸ್ತು,” ಎಂದ ಅವನು. ಟಾಕಿಯ ಕೆಳಗಿನ ಹಳೆಯ ಪೆಟ್ಟಿಗೆಯನ್ನು ಯಾರೂ ನೋಡಲಿಲ್ಲ. ಅವನು ಮುವತ್ತೊಂದು ವರ್ಷದ ಸರ್ವಿಸ್ ಮುಗಿಸಿ, ಒಂದೂ ಕೇಸ್ ಇಲ್ಲದೆ, ಹಾರ ಹಾಕಿಸಿಕೊಂಡು ಮನೆಗೆ ಬಂದ. ಡಿಪೋದವರು ನೆನಪಿಗೆಂದು ಟಿಕೆಟಿಗೆ ತೂತು ಹಾಕುವ ಒಂದು ಪಂಚ್ ಕೊಟ್ಟರು.

ಅಂದಾನೆಪ್ಪ ಏಜೆನ್ಸಿ ಮುಚ್ಚಿ ಹುಬ್ಬಳ್ಳಿಯಲ್ಲಿ ಫ್ಲ್ಯಾಟ್ ಕೊಂಡ. ಈ ಮನೆಯನ್ನು ಮಹಾನಂದಾ ಬಿಸನಾಳ ಎಂಬ ನರ್ಸಿಗೆ ಮಾರಿದ.

ಮಹಾನಂದಾ ಹೆರಿಗೆ ವಾರ್ಡಿನ ಸಿಸ್ಟರ್. ನಲವತ್ತೇಳು ವರ್ಷ, ಒಬ್ಬಳೇ. ಇಪ್ಪತ್ತೊಂದು ವರ್ಷ ಆಸ್ಪತ್ರೆಯ ಕ್ವಾರ್ಟರ್ಸಿನಲ್ಲಿದ್ದವಳು. ಅಲ್ಲಿ ಅವಳ ಬಾಗಿಲ ಮುಂದಿನ ಹಾಲಿನ ಪಾಕೀಟು ಹೋಗುತ್ತಿತ್ತು, ತುಂಬಿಟ್ಟ ಬಕೀಟು ಖಾಲಿಯಾಗುತ್ತಿತ್ತು, ಕೇಳಿದರೆ ಯಾರೂ ತೆಗೆದಿರುತ್ತಿರಲಿಲ್ಲ. ಸ್ವಂತ ಮನೆಯಲ್ಲಿ ಒಂದು ಸೂಜಿಯನ್ನೂ ಕಳೆದುಕೊಳ್ಳುವುದಿಲ್ಲ ಎಂದು ಶಪಥ ಮಾಡಿಯೇ ಬಂದಿದ್ದಳು.

ಮನೆಗೆ ಬಣ್ಣ ಹೊಡೆಸಿ ವಾರವಾಗಿತ್ತು. ಡಿಶ್ ಜೋಡಿಸಲು ಬಂದವನು ಕಿಟಕಿಯ ಪಕ್ಕದ ಪೆಟ್ಟಿಗೆ ತೆರೆದು ಕೈ ಚೆಲ್ಲಿದ.

“ಎಂಟ್ ಅದಾವ್ರಿ ಅಕ್ಕಾರ. ಯಾವ್ದು ಎಲ್ಲಿಗೆ ಹೋಗೇತಿ ದೇವರಿಗೇ ಗೊತ್ತು. ಗ್ವಾಡಿ ಒಡದು ಹೊಸಾದು ಎಳದುಬಿಡೂಣು.”

“ಬಣ್ಣ ಹಚ್ಚಿ ಎಂಟ ದಿನ ಆಗಿಲ್ಲ, ಒಡೀತಾನಂತ! ನಾಳೆ ಬಾ. ಯಾವ್ದು ಎಲ್ಲೈತಿ ನಾ ಹುಡುಕಿ ಇಡ್ತೇನಿ.”

ಅವಳು ಹುಡುಕಿದ ರೀತಿ ಹೆರಿಗೆ ವಾರ್ಡಿನದು. ಅಲ್ಲಿ ಕೂಸು ಹುಟ್ಟಿದ ಕೂಡಲೇ, ಇನ್ನೇನು ಮಾಡುವ ಮೊದಲು, ತಾಯಿಯ ಮುಂಗೈಗೂ ಕೂಸಿನ ಮುಂಗೈಗೂ ಒಂದೇ ನಂಬರಿನ ಪಟ್ಟಿ ಕಟ್ಟುತ್ತಾರೆ. ಮಹಾನಂದಾ ಗಾಯಕ್ಕೆ ಅಂಟಿಸುವ ಬಿಳಿ ಪ್ಲಾಸ್ಟರಿನ ಸುರುಳಿ ತಂದಳು, ಒಂದು ಪೆನ್ನು, ಎರಡು ಟಾರ್ಚ್ ಸೆಲ್ಲು, ಒಂದು ಸಣ್ಣ ಬಲ್ಬು. ಪಡಸಾಲೆಯಲ್ಲಿ ಒಂದು ತುದಿಯ ತಾಮ್ರಕ್ಕೂ ಜಡೆಗೂ ಸೆಲ್ಲು ಕಟ್ಟುವುದು, ಮಾಳಿಗೆ ಹತ್ತಿ ಅಲ್ಲಿಯ ತುದಿಗಳಿಗೆ ಒಂದೊಂದಾಗಿ ಬಲ್ಬು ಮುಟ್ಟಿಸುವುದು. ಯಾವ ತುದಿಯಲ್ಲಿ ಬಲ್ಬು ಹೊತ್ತಿತೋ ಅದೇ ಈ ವೈರು. ಕೆಳಗೆ ಒಂದು ಪಟ್ಟಿ, ಮೇಲೆ ಒಂದು ಪಟ್ಟಿ, ಎರಡಕ್ಕೂ ಒಂದೇ ನಂಬರು. ಇಪ್ಪತ್ತಮೂರು ಮೆಟ್ಟಿಲು ಹತ್ತಿ ಇಳಿದು, ಹತ್ತಿ ಇಳಿದು, ಊಟದ ಹೊತ್ತಿಗೆ ಏಳು ವೈರಿಗೂ ತಾಯಿ ಸಿಕ್ಕಳು. ಎಂಟನೆಯದು ನಾನು.

ನನಗೆ ಸೆಲ್ಲು ಕಟ್ಟಿ ಅವಳು ಮಾಳಿಗೆಯ ಮೂಲೆಮೂಲೆ ಹುಡುಕಿದಳು. ಎಲ್ಲೂ ಬಲ್ಬು ಹೊತ್ತಲಿಲ್ಲ. ಕಡೆಗೆ ನಡುಗೋಡೆಯ ಹತ್ತಿರ ಸಿಮೆಂಟು ಉದುರಿದ ಜಾಗದಲ್ಲಿ ನನ್ನ ಬೆನ್ನು ಕಂಡಿತು. ನಾನು ಗೋಡೆ ದಾಟಿ, ಪಕ್ಕದ ಮಾಳಿಗೆಗೆ ಇಳಿದು, ಟಾಕಿಯ ಕಟ್ಟೆಯೊಳಗೆ ಮಾಯವಾಗಿದ್ದೆ. ಅವಳು ಸೊಂಟದ ಮೇಲೆ ಕೈಯಿಟ್ಟು ನಿಂತು ನೋಡಿದಳು.

ಅವಳ ಲೆಕ್ಕ ಸರಳ. ವಾರ್ಡಿನಲ್ಲಿ ಸಲಾಯಿನಿನ ನಳಿಕೆ ಯಾವ ಮಂಚದ ಹತ್ತಿರದ್ದೋ ಬಾಟಲಿಯೂ ಆ ಮಂಚದ್ದೇ. ವೈರು ತನ್ನ ಮನೆಯದು. ಅದು ಪಕ್ಕದ ಮನೆಗೆ ಹೋಗಿದೆ. ಅಂದರೆ ಪಕ್ಕದವರು ಎಳೆದುಕೊಂಡಿದ್ದಾರೆ. ನನ್ನ ಮೈ ನೋಡಿ ಇದನ್ನು ಸುಳ್ಳೆನ್ನಲು ಬರುವುದಿಲ್ಲ. ಕೇಬಲ್ಲಿಗೆ ಎರಡು ತುದಿ ಇರುತ್ತದೆ, ದಿಕ್ಕು ಇರುವುದಿಲ್ಲ. ಯಾರಿಂದ ಯಾರಿಗೆ ಎಂದು ಬರೆದಿರುವುದಿಲ್ಲ.

ಮರುದಿನ ನೀರಿನ ದಿನ. ಆ ಓಣಿಗೆ ಎಂಟು ದಿನಕ್ಕೊಮ್ಮೆ ನಳದಲ್ಲಿ ನೀರು ಬರುತ್ತದೆ. ಬಂದ ದಿನ ಯಾವ ಬಾಗಿಲೂ ಮುಚ್ಚಿರುವುದಿಲ್ಲ. ಕೊಡ, ಬಕೀಟು, ಡ್ರಮ್ಮು, ಪೈಪು, ಬೈಗುಳ. ಹೊಸ ಮನೆಯವಳೆಂದು ಮಹಾನಂದಾಗೆ ಮೊದಲ ಸರದಿ ಕೊಟ್ಟಿದ್ದರು. ಕೊಟ್ಟವನು ಫಕೀರಪ್ಪನೇ. ನಳದ ಹತ್ತಿರ ನಿಂತು ಬಸ್ಸಿಗೆ ಜನ ಹತ್ತಿಸುವಂತೆ ಸರದಿ ಮಾಡಿಸುವುದು ಅವನ ರೂಢಿ. ಅವಳು ಕೊಡ ಇಟ್ಟವಳೇ ಕೇಳಿದಳು.

“ಕಂಡಕ್ಟ್ರ, ನಮ್ಮ ಮನಿ ವೈರ್ ನಿಮ್ಮ ಮಾಳಿಗಿ ಮ್ಯಾಲ ಯಾಕ ಬಂದೈತ್ರಿ?”

“ಯಾವ ವೈರ್ರಿ ಸಿಸ್ಟರ್?”

“ಟಿವಿ ವೈರ್. ನಮ್ಮ ಪಡಸಾಲ್ಯಾಗಿಂದ ಹೊಂಟು ನಿಮ್ಮ ಟಾಕಿ ಬುಡಕ ಹೋಗೇತಿ. ಹಿಂದಿನವ್ರ ಕಡೆಯಿಂದ ಎಷ್ಟ ವರ್ಷ ಪುಕ್ಕಟೆ ನೋಡೀರಿ? ಹೇಳಿ ಕೇಳಿ ತಗೊಂಡಿದ್ರ ಬ್ಯಾರೆ ಮಾತು. ಕದ್ದು ಮಾಡೂದು ಛಲೋ ಅಲ್ರಿ.”

ಕೊಡ ತುಂಬಿ ನೀರು ಹೊರಗೆ ಚೆಲ್ಲುತ್ತಿತ್ತು. ಯಾರೂ ಸರಿಸಲಿಲ್ಲ. ಫಕೀರಪ್ಪ ತಲೆ ಎತ್ತಿ ತನ್ನ ಮಾಳಿಗೆಯ ಕಡೆ ನೋಡಿದ. ತನಗೇ ಗೊತ್ತಿಲ್ಲದ್ದನ್ನು ಅವನು ಇಲ್ಲವೆನ್ನುವುದು ಹೇಗೆ, ಹೌದೆನ್ನುವುದು ಹೇಗೆ? ಆ ನೋಟವನ್ನು ಓಣಿ ತನಗೆ ಬೇಕಾದಂತೆ ಓದಿಕೊಂಡಿತು.

ಭಜಿ ಅಂಗಡಿಯ ಸಂಗನಬಸು ಡ್ರಮ್ಮಿನ ಹಿಂದಿನಿಂದ ಕೂಗಿದ: “ಏನೋ ಕಂಡಕ್ಟ್ರ! ರಿಟೈರ್ ಆದ ಮ್ಯಾಲೆ ಮೊದಲನೇ ಕೇಸ್ ಬಿತ್ತಲ್ಲೋ!”

ಎಲ್ಲರೂ ನಕ್ಕರು. ಈ ಸಲ ಫಕೀರಪ್ಪ ನಗಲಿಲ್ಲ. ತನ್ನ ಖಾಲಿ ಬಕೀಟು ಎತ್ತಿಕೊಂಡು ಒಳಗೆ ಹೋದ. ಆ ವಾರ ಅವರ ಮನೆಯಲ್ಲಿ ನೀರು ಸಾಲಲಿಲ್ಲ ಎಂದು ನನಗೆ ಗೊತ್ತು. ನನ್ನ ಮೇಲಿನ ಟಾಕಿ ಮೂರೇ ದಿನಕ್ಕೆ ಬಣಬಣ ಎನ್ನುತ್ತಿತ್ತು.

ನಾಲ್ಕು ದಿನ ಅವನು ಓಣಿಯ ಕಟ್ಟೆಗೆ ಬಂದು ಕೂರಲಿಲ್ಲ. ಐದನೇ ದಿನ ಬೆಳಿಗ್ಗೆ ಇಸ್ತ್ರಿ ಮಾಡಿದ ಅಂಗಿ ಹಾಕಿಕೊಂಡು ಮಹಾನಂದಾಳ ಬಾಗಿಲು ಬಡಿದ.

“ಸಿಸ್ಟರ್, ಚೆಕಿಂಗಿಗೆ ಬರ್ರಿ.”

“ಏನ್ರಿ?”

“ಮಾಳಿಗಿಗೆ ಬರ್ರಿ. ಮುವತ್ತೊಂದು ವರ್ಷ ಚೆಕಿಂಗ್ ಮಾಡಿಸ್ಕೊಂಡಾಂವ ನಾ. ಬಸ್ ನಿಲ್ಲಿಸಿದ್ರ ಇಳದು ಬ್ಯಾಗ್ ತೋರಸ್ತಿದ್ದೆ. ಚೆಕಿಂಗ್ ಮಾಡದ ಕೇಸ್ ಬರಿಯೂದು ಯಾವ ರೂಲಿನ್ಯಾಗೂ ಇಲ್ಲ.”

ಅವಳು ಪಡಸಾಲೆಯಲ್ಲಿ ನನ್ನ ತುದಿಗೆ ಸೆಲ್ಲು ಕಟ್ಟಿ, ಬಲ್ಬು ಹಿಡಿದು ಅವನ ಹಿಂದೆ ಹೋದಳು. ಗೆದ್ದೇ ಬರುವ ನಡಿಗೆ ಅವಳದು. ನೀಲವ್ವ ಮೆಟ್ಟಿಲ ಬಾಯಲ್ಲಿ ನಿಂತಿದ್ದಳು, ದಾರಿ ಬಿಟ್ಟು ಹಿಂದೆಯೇ ಹತ್ತಿದಳು. ಟಾಕಿಯ ಕೆಳಗಿನ ಚಪ್ಪಡಿ ಕಲ್ಲನ್ನು ಫಕೀರಪ್ಪ ತಾನೇ ಸರಿಸಿದ. ಇಪ್ಪತ್ತೈದು ವರ್ಷದ ಮೇಲೆ ನನ್ನ ಆ ತುದಿ ಬಿಸಿಲು ಕಂಡಿತು.

ಮಹಾನಂದಾ ನನ್ನನ್ನು ತಗಡಿನ ಪೆಟ್ಟಿಗೆಯಿಂದ ಬಿಚ್ಚಿ ಬಲ್ಬು ಮುಟ್ಟಿಸಿದಳು. ಹೊತ್ತಿತು.

“ನೋಡ್ರಿ. ಇದ ನಮ್ಮ ವೈರ್. ಹೌದಲ್ರಿ?”

“ಹೌದ್ರಿ. ನಿಮ್ಮದ. ಈ ಡಬ್ಬಿ ಏನ?”

ಅವನು ಟವೆಲಿನಿಂದ ಪೆಟ್ಟಿಗೆಯ ತುಕ್ಕು ಒರೆಸಿ, ಕನ್ನಡಕ ಏರಿಸಿ, ಬಿಸಿಲಿಗೆ ಹಿಡಿದ. ಮೂರು ಬಾಯಿಯ ಹತ್ತಿರವೂ ಸಣ್ಣ ಇಂಗ್ಲಿಷ್ ಅಕ್ಷರಗಳಿದ್ದವು. ಒಂದೊಂದೇ ಓದಿದ.

“ಇಲ್ಲಿ ‘ಇನ್’ ಅಂತೈತಿ. ಇದಕ್ಕ ಬಂದದ್ದು…” ಅವನು ಆ ವೈರನ್ನು ಕೈಯಿಂದ ಸವರುತ್ತ ಮಾಳಿಗೆಯ ಅಂಚಿಗೆ ಹೋದ. ಅದರ ಮುಂದಿನ ತುಂಡು ಇನ್ನೂ ಓಣಿಯ ಕಂಬಕ್ಕೆ ಜೋತುಬಿದ್ದಿತ್ತು. “ಕಂಬದಿಂದ ಬಂದದ್ದು. ಇಲ್ಲಿ ‘ಔಟ್’. ಇದು ನಮ್ಮ ಮನ್ಯಾಗ ಇಳೀತೈತಿ. ಇಲ್ಲೂ ‘ಔಟ್’. ಇದು…”

ಅದು ನಾನಿದ್ದ ಬಾಯಿ. ಈಗ ಖಾಲಿ ಇತ್ತು. ನನ್ನ ತುದಿ ಮಹಾನಂದಾಳ ಕೈಯಲ್ಲಿ.

“ಹತ್ತಿದಾಂವ ಒಬ್ಬ,” ಎಂದ ಫಕೀರಪ್ಪ ಮೆಲ್ಲಗೆ, “ಇಳದವ್ರು ಇಬ್ರು.”

ಬಲ್ಬು ಅವಳ ಕೈಯಲ್ಲಿ ಹೊತ್ತಿಕೊಂಡೇ ಇತ್ತು. ಅವಳಿಗೆ ಅರ್ಥವಾದದ್ದು ಅವಳ ಮುಖದಲ್ಲಿ ಕಂಡಿತು. ಬಲ್ಬು ತೆಗೆದಳು, ಕಿಸೆಯೇ ಇಲ್ಲದ ನೈಟಿಯಲ್ಲಿ ಕಿಸೆ ಹುಡುಕಿದಳು.

ಫಕೀರಪ್ಪ ಅವಳನ್ನು ನೋಡುತ್ತಿರಲಿಲ್ಲ. ಕಟ್ಟೆಯ ಮೇಲೆ ಕುಳಿತುಬಿಟ್ಟ. “ಅಂದ್ರ ಸಾಹುಕಾರ್ರ ಮನ್ಯಾಗ, ಹೊಸ್ತಿಲ ಮ್ಯಾಲ ಕುಂತು ನಾ ನೋಡಿದ್ದು…” ಹೆಂಡತಿಯ ಕಡೆ ತಿರುಗಿದ. “ಏ ಇವಳ, ನನ್ನ ಕಣ್ಣು ಹೋಗಿದ್ದಿಲ್ಲ.”

ನೀಲವ್ವ ಅಂದಾನೆಪ್ಪನ ಏಳು ತಲೆಮಾರನ್ನು ಎತ್ತಿ ಬೈದಳು. ಅವನ ಬಾಯಾಗ ಮಣ್ಣ ಬೀಳಲಿ, ಅವನ ಟಿವಿಗೆ ಸಿಡಿಲು ಬಡೀಲಿ ಎಂದಳು. ಉಸಿರು ಮುಗಿದ ಮೇಲೆ ಮಹಾನಂದಾಳ ಕಡೆ ತಿರುಗಿ ಹೇಳಿದಳು: “ನೀನೂ ಏನ ಕಡಿಮಿಲ್ಲ ಬಿಡವಾ. ಅಂವ ಚಿತ್ರಾ ಕದ್ದ. ನೀ ಮಾನಾ ಕಳದಿ.”

“ತಪ್ಪಾತ್ರಿ ಅವ್ವ. ಗೊತ್ತಿರಲಿಲ್ರಿ.”

“ಇಲ್ಲಿ ಯಾಕ ಹೇಳ್ತಿ? ಇಲ್ಲಿ ಅಂದಿದ್ದೇನ ಆ ಮಾತು?”

ಮಹಾನಂದಾ ಮನೆಗೆ ಬಂದು ಹುಬ್ಬಳ್ಳಿಗೆ ಫೋನು ಹಚ್ಚಿದಳು. ಕಿಟಕಿಯ ಹತ್ತಿರವೇ ನಿಂತು ಮಾತಾಡಿದಳು, ನನಗೆ ಅಂದಾನೆಪ್ಪನ ಮಾತೂ ಕೇಳಿಸಿತು. ಆತ ಮೊದಲು ನಕ್ಕ.

“ಅದು ಇನ್ನೂ ಐತೇನ್ರಿ? ಯಮನೂರ ಭಾರಿ ಗಟ್ಟಿ ಕೆಲಸ ಮಾಡ್ಯಾನ. ಕಡದು ಒಗೀರಿ ತಂಗಿ. ಸತ್ತ ವೈರು.”

“ಕಂಡಕ್ಟ್ರಿಗೆ ಒಂದ ಮಾತು ಹೇಳ್ರಿ ಸಾಹುಕಾರ್ರ. ಓಣ್ಯಾಗ ಅವ್ರಿಗೆ ಕಳ್ಳ ಅನ್ನಾಕತ್ತಾರ.”

“ನಾನೇನ ಅಂದೇನೇನ್ರಿ? ಅಂದವ್ರು ನೀವು. ಮತ್ತ ಆ ಫಕೀರಪ್ಪಗ ಎಷ್ಟ ಮ್ಯಾಚ್ ತೋರಿಸೇನಿ, ಎಷ್ಟ ಭಜಿ ತಿನಿಸೇನಿ, ಅದನ್ನೂ ಕೇಳ್ರಿ ಒಂದೀಟು.”

ಅವಳು ಫೋನು ಇಟ್ಟಳು. ಅಂದವಳು ತಾನು ಎಂಬುದು ಮಾತ್ರ ಅವನು ಹೇಳಿದ್ದರಲ್ಲಿ ನಿಜ.

ಮುಂದಿನ ನೀರಿನ ದಿನಕ್ಕೆ ಇನ್ನೂ ಮೂರು ದಿನವಿತ್ತು. ನೀಲವ್ವನ ಮಾತು ಅವಳಿಗೆ ತಿಳಿದಿತ್ತು. ಎಲ್ಲಿ ಅಂದದ್ದೋ ಅಲ್ಲೇ ಹೇಳಬೇಕು. ಆದರೂ ಆ ದಿನ ತನಗೆ ಬೆಳಗಿನ ಡ್ಯೂಟಿ ಹಾಕಿಬಿಡಿ ಎಂದು ವಾರ್ಡಿಗೆ ಫೋನು ಮಾಡಿ ಕೇಳಿಕೊಂಡಳು. ಆಸ್ಪತ್ರೆಯಲ್ಲಿದ್ದರೆ ನಳದ ಹತ್ತಿರ ಇರಬೇಕಾಗಿಲ್ಲ. ಮರುದಿನ ಮತ್ತೆ ಫೋನು ಮಾಡಿ ಬೇಡ ಎಂದಳು. ಇವಳ ಬಗ್ಗೆ ನನಗೆ ಕೋಪ ಬರಲಿಲ್ಲ. ಓಡಿಹೋಗುವ ಆಸೆ ಏನೆಂದು ಕಾಲಿಲ್ಲದ ನನಗೂ ಗೊತ್ತು.

ನೀರು ಬಂತು. ಫಕೀರಪ್ಪ ಹೊರಗೆ ಬರಲಿಲ್ಲ, ನೀಲವ್ವ ಬಂದಳು. ಸರದಿ ಮಾಡಿಸುವವರಿಲ್ಲದೆ ನಳದ ಮುಂದೆ ನೂಕಾಟ. ಮಹಾನಂದಾ ಕೊಡ ಇಡಲಿಲ್ಲ. ನಳದ ಪಕ್ಕದ ಕಲ್ಲಿನ ಮೇಲೆ ನಿಂತಳು.

“ಎಲ್ಲಾರೂ ಒಂದ ಮಾತು ಕೇಳ್ರಿ. ಹೋದ ಸಲ ನಾ ಕಂಡಕ್ಟ್ರಿಗೆ ಕಳ್ಳ ಅಂದಿದ್ದೆ. ಅದು ಸುಳ್ಳು. ವೈರು ಕಂಡಕ್ಟ್ರ ಲೈನಿಂದ ಹೊಂಟು ನಾ ತಗೊಂಡ ಮನಿಗೆ ಬಂದೈತಿ. ಹತ್ತು ಹನ್ನೆರಡು ವರ್ಷ ಅಂದಾನೆಪ್ಪ ಸಾಹುಕಾರ್ರು ನೋಡಿದ್ದು ಇವ್ರು ಬಾಡಿಗಿ ಕಟ್ಟಿದ ಕೇಬಲ್. ನಾ ನೋಡದ, ವಿಚಾರ ಮಾಡದ ಅಂದೆ. ತಪ್ಪು ನಂದು.”



“ಹಂಗಾದ್ರ,” ಎಂದ ಸಂಗನಬಸು, “ನಾವೆಲ್ಲಾ ಕುಂತು ಮ್ಯಾಚ್ ನೋಡಿದ್ದು ಕಂಡಕ್ಟ್ರ ಟಿವಿ ಅನ್ನು.”

ತಮಾಷೆಯೆಂದೇ ಹೇಳಿದ. ಯಾರೂ ನಗಲಿಲ್ಲ. ಅಲ್ಲಿದ್ದವರಲ್ಲಿ ಅರ್ಧ ಜನ ಆ ಪಡಸಾಲೆಯಲ್ಲಿ ಮಂಡಕ್ಕಿ ತಿಂದವರು, ಫಕೀರಪ್ಪನ ಡಬ್ಬಿಯ ಮಾತಿಗೆ ನಕ್ಕವರು. ಸಂಗನಬಸು ತನ್ನ ಡ್ರಮ್ಮಿನೊಳಗೆ ಬಗ್ಗಿ ಏನನ್ನೋ ನೋಡತೊಡಗಿದ. ಕಡೆಗೆ ಒಬ್ಬ ಮುದುಕಿ ಹೇಳಿದಳು: “ಆತು ಬಿಡವಾ, ಕೆಳಗಿಳಿ. ನೀರ್ ಹೋಕ್ಕಾವ.” ಎಲ್ಲರೂ ಕೊಡಗಳ ಕಡೆ ತಿರುಗಿದರು. ಇಷ್ಟೆಲ್ಲಕ್ಕೆ ಒಂದು ಕೊಡ ತುಂಬುವಷ್ಟು ಹೊತ್ತೂ ಹಿಡಿಯಲಿಲ್ಲ.

ಆ ಮಧ್ಯಾಹ್ನ ಮಹಾನಂದಾ ಉಳಿ, ಸುತ್ತಿಗೆ ತಂದು ಕುಳಿತಳು. ಬಣ್ಣ ಉಳಿಸಿಕೊಳ್ಳಲೆಂದು ಎಂಟು ವೈರು ಹುಡುಕಿದವಳು ಅದೇ ಗೋಡೆಯನ್ನು ಕಿಟಕಿಯಿಂದ ಮಾಳಿಗೆಯವರೆಗೆ ಒಡೆದಳು. ನನ್ನನ್ನು ಒಂದು ಗೇಣೂ ಬಿಡದೆ ಹೊರಗೆಳೆದಳು. ಸಿಮೆಂಟಿನ ಪುಡಿ ಒರೆಸಿ, ಸುರುಳಿ ಸುತ್ತಿ, ಎರಡು ತುಂಡು ಪ್ಲಾಸ್ಟರ್ ಹರಿದಳು. ಎರಡರ ಮೇಲೂ ಬರೆದದ್ದು ನಂಬರಲ್ಲ. ‘ಫಕೀರಪ್ಪ ಹಡಗಲಿ’. ಒಂದು ಈ ತುದಿಗೆ, ಒಂದು ಆ ತುದಿಗೆ.

ಪಕ್ಕದ ಮನೆಯಲ್ಲಿ ಫಕೀರಪ್ಪ ಮಂಚದ ಮೇಲೆ ಕುಳಿತಿದ್ದ. ಅವಳು ನನ್ನನ್ನು ಅವನ ಮುಂದಿಟ್ಟಳು. ಅವನು ಒಂದು ಪಟ್ಟಿ ಓದಿದ. ಸುರುಳಿ ತಿರುಗಿಸಿ ಇನ್ನೊಂದು ಪಟ್ಟಿಯನ್ನೂ ಓದಿದ. ಹೆಸರು ಒಂದೇ ಇದೆಯೇ ಎಂದು ಮತ್ತೊಮ್ಮೆ ನೋಡಿದ.

“ಹೇಳಿದ್ದು ಕೇಳಿಸ್ತ್ರಿ ಸಿಸ್ಟರ್. ಮಾಳಿಗಿ ಮ್ಯಾಲ ಇದ್ದೆ.”

“ಇನ್ನ ಕಟ್ಟಿಗೆ ಬರ್ರಿ. ನಳದ ಹಂತ್ಯಾಕ ನೂಕಾಡಿ ಸಾಯ್ತಾರ.”

“ಬರ್ತೇನಿ. ಆದ್ರ ಒಂದ ಮಾತು. ಬಿದ್ದ ಕೇಸ್ ತಗದ್ರೂ ಪುಸ್ತಕದಾಗ ಗೀಟು ಇರತೈತಿ. ಮುಂದ ಯಾರ ನೋಡಿದ್ರೂ ಗೀಟ ನೋಡ್ತಾರ, ತಗದದ್ದು ನೋಡೂದಿಲ್ಲ.”

ಅವಳು ತಲೆ ತಗ್ಗಿಸಿದಳು.

ಫಕೀರಪ್ಪ ಎದ್ದು ಟ್ರಂಕಿನಿಂದ ಡಿಪೋದವರು ಕೊಟ್ಟ ಪಂಚ್ ತೆಗೆದ. ನನ್ನ ಒಂದು ತುದಿಯನ್ನು ಹಿಡಿದು, ಅಂಟದೆ ಚಾಚಿಕೊಂಡಿದ್ದ ಪ್ಲಾಸ್ಟರಿನ ಬಾಲಕ್ಕೆ ಟಕ್ಕೆಂದು ತೂತು ಹಾಕಿದ. ಇನ್ನೊಂದು ತುದಿಗೂ ಹಾಕಿದ. ಬಿಳಿ ಚೂರುಗಳೆರಡು ನೆಲಕ್ಕೆ ಬಿದ್ದವು.

“ಇಷ್ಟ ವರ್ಷ ಟಿಕೀಟ್ ಇಲ್ದ ಕುಂತಿತ್ತು,” ಎಂದ.

ಈಗ ನಾನು ಅವರ ಮೆಟ್ಟಿಲ ಕೆಳಗಿನ ಗೂಟದಲ್ಲಿ ನೇತಾಡುತ್ತಿದ್ದೇನೆ. ಉಪಯೋಗವಿಲ್ಲ, ಬಿಸಾಡುವುದೂ ಇಲ್ಲ. ಕಟ್ಟೆಯ ಮೇಲೆ ಫಕೀರಪ್ಪ ಮತ್ತೆ ಕೂರುತ್ತಾನೆ, ನೀರಿನ ದಿನ ಸರದಿ ಮಾಡಿಸುತ್ತಾನೆ. ಆದರೆ “ಒಂದೂ ಕೇಸ್ ಇಲ್ಲ” ಎಂಬ ಮಾತು ಆಮೇಲೆ ಅವನ ಬಾಯಿಂದ ಬಂದದ್ದನ್ನು ನಾನು ಕೇಳಿಲ್ಲ. ಮಹಾನಂದಾಳ ಪಡಸಾಲೆಯ ಗೋಡೆಗೆ ಸಿಮೆಂಟು ತುಂಬಿದ್ದಾರಂತೆ. ಬಣ್ಣ ಹೊಂದದೆ ಉದ್ದಕ್ಕೂ ಒಂದು ಗೆರೆ ಕಾಣುತ್ತದಂತೆ. ಮತ್ತೆ ಬಣ್ಣ ಹೊಡೆಸಿ ಎಂದವರಿಗೆ ಅವಳು ಇರಲಿ ಅನ್ನುತ್ತಾಳಂತೆ.

ಕೇಬಲ್ಲಿಗೆ ದಿಕ್ಕಿಲ್ಲ ಎಂದು ಹಿಂದೆ ಹೇಳಿದೆ. ನನ್ನನ್ನು ಸೀಳಿ ನೋಡಿದರೂ ಯಾರ ಮನೆಯಿಂದ ಯಾರ ಮನೆಗೆ ಎಂಬುದು ಸಿಗುವುದಿಲ್ಲ. ಅದು ನಿಜ. ಆದರೆ ಅಷ್ಟೂ ವರ್ಷ ನನಗೆ ದಿಕ್ಕು ಗೊತ್ತಿತ್ತು.